ಲಿಂಟನ್ ಸ್ಪೀಕರ್ ಡಬ್ಬಿಯ ಕಪ್ಪು ಉಂಗುರ ತೆಗೆದದ್ದು

ಬಡಗಿಯಿಂದ ಹಿಡಿದು ಸ್ನೇಹಿತರವರೆಗೆ ನೋಡಿದವರೆಲ್ಲ ಹೇಳಿದ್ದು ಒಂದೇ: ಮೇಲೆ ಮೈಕಾ ಅಂಟಿಸಿ ಕೈ ತೊಳೆದುಕೊಳ್ಳಿ. 70ರ ದಶಕದ ವಾರ್ಫ್‌ಡೇಲ್ ಲಿಂಟನ್ ಸ್ಪೀಕರ್ ಜೋಡಿ, ಚಿಪ್‌ಬೋರ್ಡ್ ಡಬ್ಬಿಯ ಮೇಲೆ ತೇಗದ ವೆನೀರ್, ಅಂದರೆ ತೆಳು ಮರದ ಪದರ. ಹಿಂದಿನ ಮಾಲೀಕರು ಕಬ್ಬಿಣದ ಸ್ಟ್ಯಾಂಡ್ ಸಮೇತ ಹೂಕುಂಡ ಇಟ್ಟಿದ್ದರಂತೆ. ಒಂದರ ಮೇಲೆ ದೊಡ್ಡ ಕಪ್ಪು ಉಂಗುರ, ಮೂಲೆಯಲ್ಲಿ ಗುಳ್ಳೆ. ಈಗ ಉಂಗುರವೂ ಇಲ್ಲ, ಗುಳ್ಳೆಯೂ ಇಲ್ಲ. ಬಡಗಿ ಕೇಳಿದ್ದು 6,000 ರೂಪಾಯಿ. ನನಗಾದದ್ದು 1,200ರ ಆಸುಪಾಸು.

ಉಜ್ಜುವ ಗೋಜಿಗೇ ಹೋಗಲಿಲ್ಲ. ವೆನೀರ್ ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಕಲೆ ಹೋಗುವ ಮೊದಲು ಚಿಪ್‌ಬೋರ್ಡ್ ಇಣುಕುತ್ತದೆ. ಡ್ರೈವರ್‌ಗಳನ್ನು (ಸದ್ದು ಹೊರಡಿಸುವ ಭಾಗ) ಬಿಚ್ಚಿಟ್ಟು, ಮೂಲೆಯಲ್ಲಿ ಸ್ಪಿರಿಟ್ ಒಂದು ಹನಿ, ಥಿನ್ನರ್ ಒಂದು ಹನಿ ಹಾಕಿ ನೋಡಿದೆ. ಹಳೆ ಪಾಲಿಶ್ ಎರಡಕ್ಕೂ ಕರಗಲಿಲ್ಲ, ಅಂದರೆ ಬಹುಶಃ ಎಣ್ಣೆ ಫಿನಿಶ್. ಟರ್ಪೆಂಟೈನ್‌ನಲ್ಲಿ ಒರೆಸಿದರೆ ಬಟ್ಟೆಗೆ ಗಟ್ಟಿ ಡಿಕಾಕ್ಷನ್ ಬಣ್ಣ ಬಂತು. ಸ್ಟೀಲ್ ವುಲ್ ಬಳಸಬೇಡಿ. ಅದರ ಪುಡಿ ಡ್ರೈವರ್‌ನ ಮ್ಯಾಗ್ನೆಟ್‌ಗೆ ಅಂಟಿ, ಅದರೊಳಗೆ ಅಲುಗುವ ತಂತಿಸುರುಳಿಯ (ವಾಯ್ಸ್ ಕಾಯಿಲ್) ಸಂದಿಗೆ ಸೇರಿದರೆ ಸ್ಪೀಕರೇ ಹೋಯಿತು. ಮರದಲ್ಲಿ ಉಳಿದರೆ ಮತ್ತೆ ಕಪ್ಪು ಚುಕ್ಕೆ. ಸ್ಕಾಚ್ ಬ್ರೈಟ್ ಸಾಕು.

ಆ ಉಂಗುರ ಕೊಳೆಯಲ್ಲ, ಮರದಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶದ ಜೊತೆ ಕಬ್ಬಿಣ ಸೇರಿ ಆದದ್ದು. ನನಗೂ ನಂಬಿಕೆ ಬರಲಿ ಅಂತ ಒಂದು ತುಂಡು ತೇಗದ ಮೇಲೆ, ಮೊಳೆ ನೆನೆಸಿಟ್ಟ ವಿನೆಗರ್ ಸವರಿದೆ. ನೋಡನೋಡುತ್ತಾ ಕಪ್ಪಾಯಿತು. ಅದರ ಮೇಲೆ ಆಕ್ಸಾಲಿಕ್ ಆಸಿಡ್ ಹಚ್ಚಿದೆ, ತಿಳಿಯಾಯಿತು. ಆಮೇಲೆಯೇ ಡಬ್ಬಿ ಮುಟ್ಟಿದ್ದು. ಬಿಸಿನೀರಿಗೆ ಆಸಿಡ್ ಪುಡಿ ಕರಗುವಷ್ಟು ಹಾಕಿ, ಉಂಗುರಕ್ಕೆ ಮಾತ್ರವಲ್ಲ, ಇಡೀ ಮೇಲ್ಭಾಗಕ್ಕೆ ಹಚ್ಚಬೇಕು. ಇಲ್ಲದಿದ್ದರೆ ಕಪ್ಪು ಉಂಗುರದ ಜಾಗದಲ್ಲಿ ಬಿಳಿ ಉಂಗುರ ಉಳಿಯುತ್ತದೆ, ಅಷ್ಟೇ ಲಾಭ. ಬಟ್ಟೆ ಒದ್ದೆ ಇದ್ದರೆ ಸಾಕು, ನೀರು ಸುರಿದರೆ ಚಿಪ್‌ಬೋರ್ಡ್ ಉಬ್ಬುತ್ತದೆ. ಆಸಿಡ್ ವಿಷ. ಗ್ಲೌಸ್ ಹಾಕಿ, ಒಣಗಿದ ಪುಡಿ ಉಸಿರಿಗೆ ಹೋಗದಂತೆ ಒದ್ದೆ ಬಟ್ಟೆಯಲ್ಲಿ ಹಲವು ಸಲ ಒರೆಸಿ. ಮೂರ್ನಾಲ್ಕು ಬಾರಿ ಹಚ್ಚಬೇಕಾಯಿತು.

ಗುಳ್ಳೆ ಜಾಸ್ತಿ ಸತಾಯಿಸಿತು. ಇಸ್ತ್ರಿ ಪೆಟ್ಟಿಗೆ ಇಟ್ಟರೆ ಹಳೆ ಅಂಟು ಕರಗಿ ಕೂರುತ್ತದೆ ಅನ್ನುತ್ತಾರಲ್ಲ, ಇಲ್ಲಿ ಅದು ನಡೆಯಲಿಲ್ಲ. ಕಂಪನಿಯ ಅಂಟು ಬಿಸಿಗೆ ಕರಗುವ ಜಾತಿಯದ್ದಲ್ಲ. ಗುಳ್ಳೆಯನ್ನು ಮರದ ಎಳೆಯ ಗುಂಟ ಬ್ಲೇಡಿನಲ್ಲಿ ಸೀಳಿ, ಸಿರಿಂಜಿನಲ್ಲಿ ತುಸು ತೆಳು ಮಾಡಿದ ಫೆವಿಕಾಲ್ ಬಿಟ್ಟು, ಪ್ಲಾಸ್ಟಿಕ್ ಹಾಳೆಯ ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಟ್ಟೆ. ಸೀಳು ಎಲ್ಲಿತ್ತು ಅಂತ ಈಗ ಯಾರಾದರೂ ತೋರಿಸಲಿ ನೋಡೋಣ!

ಕೊನೆಗೆ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಮತ್ತು ಟರ್ಪೆಂಟೈನ್ ಸಮಸಮ, ತೆಳುವಾಗಿ ಮೂರು ಕೋಟ್. ಕೊಬ್ಬರಿ ಎಣ್ಣೆ ಹಚ್ಚಿ ಅಂದವರೂ ಇದ್ದರು. ಅದು ಒಣಗುವುದೇ ಇಲ್ಲ, ಧೂಳು ಹಿಡಿಯುತ್ತದೆ. ಆಸಿಡ್ ಹಚ್ಚಿದ ಮೇಲ್ಭಾಗ ಪಕ್ಕದ ಬದಿಗಿಂತ ತಿಳಿಯಾಗಿತ್ತು, ಅದನ್ನು ಮೊದಲ ಕೋಟಿಗೇ ಬಣ್ಣ ಬೆರೆಸಿ ಸರಿ ಮಾಡಿದೆ. ಯಾವ ಬಣ್ಣ, ಎಷ್ಟು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಗಿಸಿ.