ಆಕ್ಸಿಡೇಶನ್ ನಂಬರ್‌ಗೆ ರೂಲ್ಸ್ ಬಿಟ್ಟು ಬಾಂಡ್ ಎಣಿಸ್ತಿದೀನಿ (ನನ್ನ ಅನುಭವ)

ವಿರಾಜಪೇಟೇಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳ್ಕೊಡ್ತೀನಿ. ಆಕ್ಸಿಡೇಶನ್ ನಂಬರ್ (ಬಾಂಡಿನ ಎಲೆಕ್ಟ್ರಾನೆಲ್ಲ ಜಾಸ್ತಿ ಎಳೆಯೋ ಆಟಂಗೇ ಸೇರಿದ್ದು ಅಂದ್ಕೊಂಡ್ರೆ ಆಟಂ ಮೇಲೆ ಬರೋ ಚಾರ್ಜ್) ಅಂದ್ರೆ ಹೈಡ್ರೋಜನ್ +1, ಆಕ್ಸಿಜನ್ −2 ಅಂತ ಎಲ್ರೂ ಬಾಯಿಪಾಠ ಹೊಡ್ಕೊಂಡೇ ಬರ್ತಾರೆ, ಆಮೇಲೆ ಪೆರಾಕ್ಸೈಡಲ್ಲಿ ಬೇರೆ, ಹೈಡ್ರೈಡಲ್ಲಿ ಬೇರೆ ಅಂತ ಎಕ್ಸೆಪ್ಷನ್ ಲಿಸ್ಟ್ ಬೆಳೀತಾನೇ ಹೋಗುತ್ತೆ. ನಾನೀಗ ಆ ಲಿಸ್ಟ್ ಕೊಡೋದೇ ಇಲ್ಲ. ಸ್ಟ್ರಕ್ಚರ್ ಬರ್ಸಿ ಪಕ್ಕದಲ್ಲಿ ಪೌಲಿಂಗ್ ಸ್ಕೇಲಿನ ಎಲೆಕ್ಟ್ರೋನೆಗೆಟಿವಿಟಿ (ಬಾಂಡಿನ ಎಲೆಕ್ಟ್ರಾನನ್ನ ತನ್ನ ಕಡೆ ಎಳ್ಕೊಳ್ಳೋ ಬಲ) ಬರ್ಸ್ತೀನಿ: ಫ್ಲೋರಿನ್ 3.98, ಆಕ್ಸಿಜನ್ 3.44, ನೈಟ್ರೋಜನ್ 3.04, ಕಾರ್ಬನ್ 2.55, ಹೈಡ್ರೋಜನ್ 2.20. ಪ್ರತಿ ಬಾಂಡಲ್ಲೂ ಯಾರದ್ದು ಜಾಸ್ತಿನೋ ಅವರಿಗೆ −1, ಇನ್ನೊಬ್ರಿಗೆ +1, ಡಬಲ್ ಬಾಂಡಾದ್ರೆ ಎರಡೆರಡು, ಒಂದೇ ಜಾತಿ ಆಟಂ ಆದ್ರೆ ಸೊನ್ನೆ.

ನಮ್ ಕೊಡಗಲ್ಲಿ ಮನೇಲೇ ವೈನ್ ಮಾಡ್ತಾರಲ್ಲ, ಗಾಳಿ ಆಡಿದ್ರೆ ಹುಳಿ ಬಂದು ವಿನೆಗರ್ ಆಗ್ಬಿಡುತ್ತೆ, ಅದನ್ನೇ ಬೋರ್ಡ್ ಮೇಲೆ ಹಾಕ್ತೀನಿ. ಹಳೇ ರೂಲ್ ಪ್ರಕಾರ ವೈನಿನ ಆಲ್ಕೋಹಾಲ್ ಆದ ಎಥನಾಲಲ್ಲಿ ಕಾರ್ಬನ್ −2, ವಿನೆಗರಿನ ಅಸಿಟಿಕ್ ಆ್ಯಸಿಡಲ್ಲಿ 0. ಲೆಕ್ಕ ಸರಿನೇ, ಆದ್ರೆ ಅದು ಎರಡು ಕಾರ್ಬನ್ನಿನ ಆವರೇಜು. ಬಾಂಡ್ ಎಣಿಸಿ ನೋಡಿ: ಮೂರು ಹೈಡ್ರೋಜನ್ ಹಿಡ್ಕೊಂಡಿರೋ ಕಾರ್ಬನ್ −3. ಪಕ್ಕದ್ದಕ್ಕೆ ಎರಡು ಹೈಡ್ರೋಜನ್ನಿಂದ −2, ಆಕ್ಸಿಜನ್ನಿಂದ +1, ಒಟ್ಟು −1. ಆ್ಯಸಿಡ್ ಆದಾಗ ಅದಕ್ಕೇ ಡಬಲ್ ಬಾಂಡಿನ ಆಕ್ಸಿಜನ್ನಿಂದ +2, ಓಎಚ್ ಕಡೆಯಿಂದ +1, ಅಂದ್ರೆ +3. ಒಬ್ಳು ಹುಡುಗಿ ತಕ್ಷಣ, "ಹಂಗಾದ್ರೆ ಆ ಮೊದಲನೇ ಕಾರ್ಬನ್ ಏನೂ ಮಾಡ್ಲೇ ಇಲ್ವಾ ಸರ್?" ಅಂದ್ಳು. ಇಲ್ಲಮ್ಮ, ಅದು −3ಲ್ಲೇ ಕೂತಿದೆ, ಪಕ್ಕದ್ದು −1ರಿಂದ +3ಕ್ಕೆ ಹೋಯ್ತು, ಅಂದ್ರೆ ನಾಲ್ಕು ಎಲೆಕ್ಟ್ರಾನೂ ಹೋಗಿದ್ದು ಆ ಒಂದೇ ಕಾರ್ಬನ್ನಿಂದ. ಆವರೇಜ್ ಹಾಕೋರಿಗೆ ಇದು ಕಾಣಲ್ಲ.

ಪೆರಾಕ್ಸೈಡಲ್ಲಿ ಆಕ್ಸಿಜನ್-ಆಕ್ಸಿಜನ್ ಬಾಂಡಿಗೆ ಸೊನ್ನೆ, ಅದಕ್ಕೇ ಆಕ್ಸಿಜನ್ −1. ಆಕ್ಸಿಜನ್ ಡೈಫ್ಲೋರೈಡಲ್ಲಿ ಫ್ಲೋರಿನ್ ಇನ್ನೂ ಜೋರು, ಆಕ್ಸಿಜನ್ +2. ತೋಟಕ್ಕೆ ಹಾಕೋ ಯೂರಿಯಾದಲ್ಲಿ ಕಾರ್ಬನ್ ಸುತ್ತ ಇರೋರೆಲ್ಲ ಅದಕ್ಕಿಂತ ಬಲವಾದೋರೇ, ಹಂಗಾಗಿ ಕಾರ್ಬನ್ +4, ನೈಟ್ರೋಜನ್ −3.

ಮಕ್ಕಳು ತಡವರಿಸೋದು ಅಮೋನಿಯಂ ತರದ ಅಯಾನಲ್ಲಿ, ನಾಲ್ಕು ಹೈಡ್ರೋಜನ್ ನೋಡಿ −4 ಅಂತಾರೆ, ನೈಟ್ರೋಜನ್ ಮೇಲೆ ಬರ್ದಿರೋ +1 ಫಾರ್ಮಲ್ ಚಾರ್ಜ್ (ಬಾಂಡಿನ ಎಲೆಕ್ಟ್ರಾನ್ ಸಮ ಹಂಚಿದ್ರೆ ಆಟಂಗೆ ಬರೋ ಚಾರ್ಜ್) ಸೇರಿಸ್ಕೊಂಡ್ರೆ −3 ಬರುತ್ತೆ. ಇನ್ನು ಫಾಸ್ಫೀನ್ ಒಂದು ತರಲೆ ಕೇಸು, ಫಾಸ್ಫರಸ್ 2.19, ಹೈಡ್ರೋಜನ್ 2.20, ಕಟ್ಟುನಿಟ್ಟಾಗಿ ಹೋದ್ರೆ ಫಾಸ್ಫರಸ್ +3 ಆಗ್ಬೇಕು, ಟೆಕ್ಸ್ಟ್‌ಬುಕ್ಕಲ್ಲಿ ಮಾತ್ರ −3 ಅಂತಾನೇ ತಗೊಳ್ತಾರೆ, ಪರೀಕ್ಷೇಲಿ ಅದನ್ನೇ ಬರೀರಿ ಅಂತೀನಿ.