ಸಣ್ಣ ಗ್ರಂಥಾಲಯಕ್ಕೆ ಜಾವಾ: ಫೈಲ್ ಹಂಚಿಕೆ ಮತ್ತು ಡೇಟಾಬೇಸ್ ಸಂಪರ್ಕ

ಮುಂಬಯಿಯ ಘಾಟ್ಕೋಪರಿನಲ್ಲಿ ನಾವು ಕೆಲವರು ನಡೆಸುವ ಕನ್ನಡ ಗ್ರಂಥಾಲಯದಲ್ಲಿ ಮೂರು ಕಂಪ್ಯೂಟರ್‌ಗಳಿವೆ. ಸ್ಕ್ಯಾನ್ ಮಾಡಿದ ಹಳೆಯ ಸ್ಮರಣ ಸಂಚಿಕೆಗಳು ಮೂರರಲ್ಲಿಯೂ ಸಿಗಬೇಕಿತ್ತು. ಸದಸ್ಯರ ಮತ್ತು ಪುಸ್ತಕಗಳ ಪಟ್ಟಿ ಒಂದೇ ಕಡೆ ಇರಬೇಕಿತ್ತು. ಎರಡೂ ಕೆಲಸಗಳಿಗೆ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾದ ಮುಕ್ತ ಆಕರದ ಸಲಕರಣೆಗಳೂ ಅಂತಹುದೇ ಒಂದು ಡೇಟಾಬೇಸೂ ಸಾಕಾದವು.

ಫೈಲ್‌ಗಳನ್ನು ಓದಲು ಮಾತ್ರ ಕೊಡುವುದಾದರೆ ಬೇರೇನನ್ನೂ ಅಳವಡಿಸಬೇಕಿಲ್ಲ. ಜಾವಾ 18ರಿಂದ ಜೆಡಿಕೆಯೊಂದಿಗೇ (ಜಾವಾ ಪ್ರೋಗ್ರಾಮ್ ಬರೆಯುವವರ ಸಲಕರಣೆಗಳ ಕಟ್ಟು) ಜೆವೆಬ್‌ಸರ್ವರ್ ಎಂಬ ಪುಟ್ಟ ಸರ್ವರ್ ಬರುತ್ತದೆ. ಅದು 8000ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಯಂತ್ರದೊಳಕ್ಕೆ ಬರುವ ಬಾಗಿಲಿನ ಸಂಖ್ಯೆ) ನಿಲ್ಲುತ್ತದೆ, ಆದರೆ ತಾನಿರುವ ಯಂತ್ರಕ್ಕಷ್ಟೇ ಉತ್ತರಿಸುತ್ತದೆ. ಪಕ್ಕದ ಕಂಪ್ಯೂಟರಿಗೂ ಕಾಣಬೇಕಾದರೆ ಬೈಂಡ್ ವಿಳಾಸವಾಗಿ, ಅಂದರೆ ಸರ್ವರ್ ಉತ್ತರಿಸಬೇಕಾದ ವಿಳಾಸವಾಗಿ, ಗ್ರಂಥಾಲಯದ ಜಾಲದಲ್ಲಿ ಆ ಯಂತ್ರಕ್ಕಿರುವ ಐಪಿಯನ್ನು ಕೊಡಬೇಕು. ಫೋಲ್ಡರನ್ನು ಹೆಸರಿಸದಿದ್ದರೆ ಅದು ಆಜ್ಞೆ ಕೊಟ್ಟ ಫೋಲ್ಡರನ್ನೇ ಹಂಚುತ್ತದೆ; ಬೇರೆಯದನ್ನು ಹಂಚಬೇಕಾದರೆ ಅದರ ಪೂರ್ಣ ಮಾರ್ಗವನ್ನು ಕೊಡಿರಿ.

ಹೊಸ ಸ್ಕ್ಯಾನ್‌ಗಳನ್ನು ಏರಿಸಲು ಅಪಾಚೆ ಎಫ್‌ಟಿಪಿ ಸರ್ವರ್ ಬೇಕಾಯಿತು (ಎಫ್‌ಟಿಪಿ ಎಂದರೆ ಜಾಲದ ಮೂಲಕ ಫೈಲ್ ಸಾಗಿಸುವ ಹಳೆಯ ವಿಧಾನ). ಜತೆಗೆ ಬರುವ ಮಾದರಿ ಸಂರಚನೆಯಲ್ಲಿ ಪೋರ್ಟ್ 2121 ಇರುತ್ತದೆ. ಅಡ್ಮಿನ್ ಬಳಕೆದಾರನ ಪಾಸ್‌ವರ್ಡೂ ಅಡ್ಮಿನ್ ಎಂದೇ ಇರುವುದರಿಂದ ಮೊದಲು ಅದನ್ನು ಬದಲಿಸಿರಿ. ಬರಿಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮರೆಯಿಲ್ಲದೆ ಸಾಗುತ್ತದೆಯಾದ್ದರಿಂದ, ಗ್ರಂಥಾಲಯದ ಜಾಲದಾಚೆಗೆ ತೆರೆಯುವಾಗ ಟಿಎಲ್‌ಎಸ್ ಎಂಬ ಗೂಢಲಿಪಿಯ ರಕ್ಷಣೆ ಇಲ್ಲದೆ ತೆರೆಯಬಾರದು.

ನಮ್ಮನ್ನು ಹೆಚ್ಚು ಕಾಡಿದ್ದು ಡೇಟಾಬೇಸ್. ಮರಿಯಾಡಿಬಿ ಎಂಬ ಡೇಟಾಬೇಸನ್ನು ಆರಿಸಿಕೊಂಡು, ಜಾವಾವನ್ನು ಅದಕ್ಕೆ ಬೆಸೆಯುವ ಅದರದೇ ಜೆಡಿಬಿಸಿ ಡ್ರೈವರ್ ಮೂಲಕ 3306ನೇ ಪೋರ್ಟಿಗೆ ಸಂಪರ್ಕಿಸಿದೆವು. ಕೋಷ್ಟಕಗಳನ್ನು ರಚಿಸುವ ಮೊದಲೇ ಅಕ್ಷರಸಮೂಹವನ್ನು ಕನ್ನಡವೂ ಸೇರಿರುವ ಯುಟಿಎಫ್8ಎಂಬಿ4 ಎಂದು ನಿಗದಿಪಡಿಸಿರಿ. ಹಳೆಯ ಆವೃತ್ತಿಗಳಲ್ಲಿ ತಾನಾಗಿ ಬರುತ್ತಿದ್ದ ಲ್ಯಾಟಿನ್1 ಎಂಬ ಅಕ್ಷರಸಮೂಹದಲ್ಲಿ ಕನ್ನಡವನ್ನು ಉಳಿಸಹೊರಟರೆ ದೋಷ ಬರುತ್ತದೆ, ಇಲ್ಲವೇ ಅಕ್ಷರಗಳಿದ್ದೆಡೆ ಪ್ರಶ್ನಾರ್ಥಕ ಚಿಹ್ನೆಗಳು ಕೂರುತ್ತವೆ. ಹಾಗೆ ಕುಳಿತವು ಮರಳಿ ಅಕ್ಷರಗಳಾಗುವುದಿಲ್ಲ.

ನಾನು ಮೊದಲು ಬರೆದ ಪ್ರೋಗ್ರಾಮ್ ಒಂದೇ ಸಂಪರ್ಕವನ್ನು ತೆರೆದು ಹಾಗೆಯೇ ಇಟ್ಟುಕೊಳ್ಳುತ್ತಿತ್ತು. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ ಮರುದಿನ ಸಂಜೆ ಆರಕ್ಕೆ ಬಂದರೆ, ದಿನದ ಮೊದಲ ಹುಡುಕಾಟ ತಪ್ಪದೆ ಸೋಲುತ್ತಿತ್ತು. ಜಾಲದ ತಂತಿಯನ್ನು ಎರಡು ಬಾರಿ ಬದಲಿಸಿದ ಮೇಲೆ ಕಾರಣ ತಿಳಿಯಿತು: ಸುಮ್ಮನಿರುವ ಸಂಪರ್ಕವನ್ನು ಮರಿಯಾಡಿಬಿ 28,800 ಸೆಕೆಂಡುಗಳ, ಅಂದರೆ ಎಂಟು ಗಂಟೆಗಳ ನಂತರ ತಾನೇ ಕಡಿಯುತ್ತದೆ. ಹಿಕಾರಿಸಿಪಿ ಎಂಬ ಸಂಪರ್ಕ ಪೂಲ್ (ತೆರೆದ ಸಂಪರ್ಕಗಳನ್ನು ಸಿದ್ಧವಾಗಿಟ್ಟು, ಬೇಕಾದಾಗ ಕೊಟ್ಟು ಮರಳಿ ಪಡೆಯುವ ಸಲಕರಣೆ) ಬಳಸಿದಾಗ ಈ ತೊಂದರೆ ನಿಂತಿತು. ಅದು ಪ್ರತಿ ಸಂಪರ್ಕವನ್ನೂ ಮೂವತ್ತು ನಿಮಿಷಗಳ ಆಯಸ್ಸು ಮುಗಿದ ಮೇಲೆ ಬದಲಿಸುತ್ತದೆ. ನಿಮ್ಮ ಸರ್ವರಿನ ಮಿತಿ ಇದಕ್ಕಿಂತ ಕಡಿಮೆಯಿದ್ದರೆ, ಪೂಲಿನ ಗರಿಷ್ಠ ಆಯಸ್ಸನ್ನು ಆ ಮಿತಿಗಿಂತ ಅರ್ಧ ನಿಮಿಷವಾದರೂ ಕೆಳಗಿಡಿರಿ.

ಪೂಲ್ ಬಂದ ಮೇಲೆ ಬೇರೊಂದು ತಪ್ಪು ಬೆಳಕಿಗೆ ಬಂತು. ಪಡೆದ ಸಂಪರ್ಕವನ್ನು ಮುಚ್ಚಿದರೆ ಮಾತ್ರ ಅದು ಪೂಲಿಗೆ ಮರಳುತ್ತದೆ, ನಾನು ಮುಚ್ಚಿರಲಿಲ್ಲ. ಸಾಮಾನ್ಯ ಗಾತ್ರ ಹತ್ತಾದ್ದರಿಂದ ಹತ್ತು ಹುಡುಕಾಟಗಳು ಸರಾಗವಾಗಿ ನಡೆದು, ಹನ್ನೊಂದನೆಯವರು ಮೂವತ್ತು ಸೆಕೆಂಡು ಕಾದು ದೋಷದ ಸಂದೇಶ ನೋಡುತ್ತಿದ್ದರು. ಪೂಲನ್ನು ಹಿಗ್ಗಿಸುವುದು ಇದಕ್ಕೆ ಮದ್ದಲ್ಲ. ಸಂಪರ್ಕವನ್ನು ಟ್ರೈ ಪದದ ಮುಂದಿನ ದುಂಡು ಆವರಣದೊಳಗೇ ಘೋಷಿಸಿದರೆ ಜಾವಾ ತಾನಾಗಿಯೇ ಮುಚ್ಚುತ್ತದೆ. ಹಾಗೆ ಮಾಡಿದ ಮೇಲೆ ನಮಗೆ ಮೂರೇ ಸಂಪರ್ಕಗಳು ಸಾಕಾಗಿವೆ.

ಸದಸ್ಯರ ಹೆಸರನ್ನು ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ವಾಕ್ಯಕ್ಕೆ ನೇರವಾಗಿ ಅಂಟಿಸಲೂಬಾರದು. ನಮ್ಮಲ್ಲಿ ಮಂಗಳೂರು ಕಡೆಯ ಡಿಸೋಜ, ಡಿಸಿಲ್ವ ಕುಟುಂಬಗಳು ಬಹಳ. ಅವರ ಹೆಸರನ್ನು ಇಂಗ್ಲಿಷಿನಲ್ಲಿ ನಮೂದಿಸುವಾಗ ಡಿ ಅಕ್ಷರದ ನಂತರ ಬರುವ ಒಂಟಿ ಉದ್ಧರಣ ಚಿಹ್ನೆ ವಾಕ್ಯವನ್ನು ಅಲ್ಲಿಗೇ ಮುರಿಯುತ್ತಿತ್ತು. ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅಂದರೆ ಮೌಲ್ಯಗಳಿಗೆ ಜಾಗ ಬಿಟ್ಟು ಮೊದಲೇ ಸಿದ್ಧಪಡಿಸಿದ ವಾಕ್ಯ, ಬಳಸಿ, ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟು, ಮೌಲ್ಯವನ್ನು ಪ್ರತ್ಯೇಕವಾಗಿ ಒದಗಿಸಿರಿ.