ಸ್ಟಾಫ್ ರೂಮಿನ ವಾತಾವರಣ ಸರಿಮಾಡಬೇಕಾ? ಮೊದಲು ಟೈಮ್ ಟೇಬಲ್ ನೋಡಿ

ಕಾಲೇಜಿನ ಡಿಪಾರ್ಟ್‌ಮೆಂಟಿನಲ್ಲಿ ಯಾರೂ ಮನಸ್ಸು ಬಿಚ್ಚಿ ಮಾತಾಡುತ್ತಿಲ್ಲ ಅನ್ನಿಸಿದರೆ ತಕ್ಷಣ ಮೀಟಿಂಗ್ ಕರೆಯಬೇಡಿ. ಟೈಮ್ ಟೇಬಲ್ ತೆಗೆದು ಮೇಜಿನ ಮೇಲೆ ಹರಡಿ. ಬೆಳಗಿನ ಮೊದಲ ಪಿರಿಯಡ್, ಸಂಜೆಯ ಕೊನೆಯ ಪಿರಿಯಡ್ ಎರಡೂ ಒಂದೇ ದಿನ ಯಾರ ತಲೆಗೆ ಬಿದ್ದಿವೆ? ಸಾಮಾನ್ಯವಾಗಿ ಹೊಸಬರಿಗೆ, ಇಲ್ಲವೇ ಗೆಸ್ಟ್ ಲೆಕ್ಚರರ್‌ಗಳಿಗೆ.

ನಾನೂ ಮೊದಲ ಸಲ ಟೈಮ್ ಟೇಬಲ್ ಹಾಕಿದಾಗ ಇದೇ ತಪ್ಪು ಮಾಡಿದ್ದೆ. ಸೀನಿಯರ್‌ಗಳು ಜಗಳಕ್ಕೆ ಬರುತ್ತಾರೆ ಅಂತ ಅವರಿಗೆ ಒಳ್ಳೆಯ ಪಿರಿಯಡ್ ಕೊಟ್ಟು, ಉಳಿದದ್ದನ್ನೆಲ್ಲ ಹೊಸದಾಗಿ ಸೇರಿದ್ದ ಮೇಡಂ ಒಬ್ಬರಿಗೆ ತುಂಬಿಸಿದೆ. ಅವರು ಒಂದು ದಿನವೂ ದೂರಲಿಲ್ಲ. ಮೀಟಿಂಗಿನಲ್ಲಿ ಬಾಯಿ ಬಿಡುವುದನ್ನು ಮಾತ್ರ ನಿಲ್ಲಿಸಿದರು, ನನಗೆ ಅದು ಗೊತ್ತಾಗುವಷ್ಟರಲ್ಲಿ ಸೆಮಿಸ್ಟರೇ ಮುಗಿದಿತ್ತು.

ಎರಡನೆಯದು, ಪಾಠಕ್ಕೆ ಸಂಬಂಧವಿಲ್ಲದ ಕೆಲಸ. 1960ರ ದಶಕದ ಆರಂಭದಲ್ಲೇ ಅಮೆರಿಕದಲ್ಲಿ ಹಾಲ್ಪಿನ್ ಮತ್ತು ಕ್ರಾಫ್ಟ್ ಅನ್ನುವವರು ಶಾಲೆಗಳ ವಾತಾವರಣ ಅಳೆಯಲು 64 ಹೇಳಿಕೆಗಳ ಪ್ರಶ್ನಾವಳಿ ಮಾಡಿದ್ದರು. ಅದರಲ್ಲಿ ನೋಡುತ್ತಿದ್ದದ್ದು 8 ಅಂಶ, 4 ಶಿಕ್ಷಕರ ನಡವಳಿಕೆಯದು, 4 ಮುಖ್ಯಸ್ಥರದು. ಅವುಗಳಲ್ಲಿ ಒಂದು, ಬೇಡದ ಕಾಗದಪತ್ರದ ಕೆಲಸ ಮೈಮೇಲೆ ಹೇರಿದ್ದಾರೆ ಅನ್ನುವ ಭಾವನೆ. ಕಾಲೇಜಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಅದೇ ಅಟೆಂಡೆನ್ಸನ್ನು ರಿಜಿಸ್ಟರಿನಲ್ಲಿ ಬರೆದು, ಪೋರ್ಟಲ್‌ಗೆ ಹಾಕಿ, ಮತ್ತೆ ಆಫೀಸಿಗೆ ಎಕ್ಸೆಲ್ ಶೀಟ್ ಮಾಡಿ ಕಳಿಸುವುದು!

ಹಾಗಾಗಿ ಒಂದು ವಾರ ಎಲ್ಲರೂ ಇಂಥ ಕೆಲಸಗಳನ್ನು ಗಂಟೆ ಸಮೇತ ಬರೆದಿಡಲಿ. ಆ ಪಟ್ಟಿ ಹಿಡಿದು ಪ್ರಿನ್ಸಿಪಾಲರ ಹತ್ತಿರ ಹೋಗಿ, ಸುಮ್ನೆ ಕೆಲಸ ಜಾಸ್ತಿ ಅನ್ನಬೇಡಿ, ಇದರಲ್ಲಿ ಈ ಎರಡನ್ನು ಕೈಬಿಡಬಹುದಾ ಅಂತಲೇ ಕೇಳಿ.

ಮೀಟಿಂಗಿನಲ್ಲಿ ಎಚ್‌ಒಡಿ, ಅಂದರೆ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು, ಕೊನೆಗೆ ಮಾತಾಡಲಿ. ಅವರು ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ತಲೆಯಾಡಿಸಿ ಎದ್ದು ಹೋಗುತ್ತಾರೆ, ಅಸಲಿ ಮೀಟಿಂಗ್ ಆಮೇಲೆ ಕಾರಿಡಾರಿನಲ್ಲಿ ನಡೆಯುತ್ತದೆ. ತಪ್ಪು ತೋರಿಸುವುದಿದ್ದರೆ ಬಾಗಿಲು ಮುಚ್ಚಿ ತೋರಿಸಿ, ವಿದ್ಯಾರ್ಥಿಗಳ ಎದುರಿಗೆ ಖಂಡಿತ ಬೇಡ. ಇನ್ನು ಸಂಬಳವೇ ತಿಂಗಳುಗಟ್ಟಲೆ ತಡವಾಗುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಅಲ್ಲಿಯವರೆಗೆ ಟೂರು, ಆಟೋಟ ಏನೇ ಮಾಡಿಸಿದರೂ ಜನ ನಗುವುದು ಫೋಟೋಗೆ ಮಾತ್ರ.

ಮುಂದಿನ ಟೈಮ್ ಟೇಬಲನ್ನು ಒಂದು ವಾರ ಮೊದಲೇ, ಕರಡು ಅಂತ ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ ಇರಲಿ. ನಾನು ಹಾಗೆ ಮಾಡಿದ ವರ್ಷ ಮೊದಲೆರಡು ದಿನ ಅದನ್ನು ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಶುಕ್ರವಾರದ ಕೊನೆಯ ಪಿರಿಯಡ್ಡಿನ ಸುತ್ತ ಒಂದು ಗೀಟು, ಪಕ್ಕದಲ್ಲಿ 'ಈ ಸಲ ಬೇರೆಯವರಿಗೆ' ಅಂತ ಇತ್ತು. ಅಕ್ಷರ ಆ ಮೇಡಂ ಅವರದು.